ಯೀಸ್ಟ್ ಕೊಟ್ಟ ಔಷಧ, ಮಾರುಕಟ್ಟೆ ಕಲಿಸಿದ ಪಾಠ

ಸಿಂಥೆಟಿಕ್ ಬಯಾಲಜಿ ವಿಜ್ಞಾನ ವಿಭಾಗದವರ ವಿಷಯ ಎಂದುಕೊಳ್ಳುತ್ತೇವೆ. ಆದರೆ ವಾಣಿಜ್ಯ ಓದುವವರಿಗೂ ಅದರಲ್ಲಿ ಪಾಠವಿದೆ.

ಮಲೇರಿಯಾಕ್ಕೆ ಕೊಡುವ ಆರ್ಟಿಮಿಸಿನಿನ್ ಔಷಧವನ್ನು ಒಂದು ಗಿಡದಿಂದ ತೆಗೆಯುತ್ತಾರೆ. ಬೆಳೆ ಕಡಿಮೆಯಾದರೆ ಬೆಲೆ ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಜೇ ಕೀಸ್ಲಿಂಗ್ ಅವರ ತಂಡ ಬೇರೆ ದಾರಿ ಹುಡುಕಿತು. ಬ್ರೆಡ್ ಉಬ್ಬಿಸುವ, ನಮ್ಮ ಮನೆಗಳಲ್ಲಿ ಖಮೀರ್ ಎನ್ನುವ ಯೀಸ್ಟ್‌ಗೆ ಆ ಗಿಡದ ಜೀನ್‌ಗಳನ್ನು ಸೇರಿಸಿತು. 2006ರಲ್ಲಿ ಯೀಸ್ಟ್ ಆರ್ಟಿಮಿಸಿನಿಕ್ ಆಮ್ಲವನ್ನು ತಯಾರಿಸಿತು. ಇದನ್ನು ಮುಂದೆ ಔಷಧವಾಗಿ ಬದಲಾಯಿಸಬಹುದು. ಆಗ ಸಿಕ್ಕಿದ್ದು ಲೀಟರ್‌ಗೆ ಸುಮಾರು 0.1 ಗ್ರಾಂ. ಲ್ಯಾಬಿನವರು ಸೇರಿ ಕಟ್ಟಿದ ಅಮಿರಿಸ್ ಕಂಪನಿ ಅದನ್ನು 25 ಗ್ರಾಂಗೆ ಏರಿಸಿತು.

2013ರಲ್ಲಿ ಫ್ರಾನ್ಸಿನ ಸನೋಫಿ ಕಂಪನಿ ಇಟಲಿಯಲ್ಲಿ ದೊಡ್ಡ ಪ್ರಮಾಣದ ತಯಾರಿಕೆ ಶುರು ಮಾಡಿತು. ಲಾಭವಿಲ್ಲದೆ ಮಾರಿದರೂ ಕಿಲೋಗೆ 350ರಿಂದ 400 ಡಾಲರ್ ಬೇಕಿತ್ತು. ಆದರೆ ಗಿಡದ ಬೆಳೆ ಹೆಚ್ಚಾಗಿ, ಅದರಿಂದ ತೆಗೆದ ಔಷಧ 250 ಡಾಲರ್‌ಗಿಂತ ಕೆಳಗಿಳಿಯಿತು. 2015ರಲ್ಲಿ ಸನೋಫಿ ತಯಾರಿಕೆಯನ್ನೇ ಮಾಡಲಿಲ್ಲ.

ಹಾಗಾದರೆ ಲ್ಯಾಬ್ ಸೋತಿತೇ? ಇಲ್ಲ. ಬೆಲೆ ಇಳಿದರೆ ರೋಗಿಗೆ ಲಾಭ. ಆದರೆ ಬೆಲೆ ತೀರಾ ಬಿದ್ದರೆ ರೈತರು ಬೇರೆ ಬೆಳೆಗೆ ಹೋಗುತ್ತಾರೆ, ಔಷಧಕ್ಕೆ ಮತ್ತೆ ಕೊರತೆಯಾಗುತ್ತದೆ. ಆ ದಿನಕ್ಕೆ ಯೀಸ್ಟ್‌ನ ದಾರಿ ಉಳಿದಿರಬೇಕು.

'ತಯಾರಿಸಬಹುದೇ?' ಎಂಬುದಕ್ಕೆ ಲ್ಯಾಬ್ ಉತ್ತರ ಕೊಟ್ಟಿದೆ. 'ಎಷ್ಟಕ್ಕೆ, ಯಾರಿಗೆ?' ಎಂದು ಕೇಳುವುದು ವಾಣಿಜ್ಯ ಓದುವ ನಮ್ಮ ಕೆಲಸ.