ತಾರೀಖನ್ನು ಯಾವ ಫೈಲಿನಲ್ಲಿ ಕಳಿಸಬೇಕು?



ಈ ಪುಟದಲ್ಲಿ ಸಾಮಾನ್ಯವಾಗಿ ಮೈಲುತುತ್ತ, ಸುಣ್ಣ, ಕಾಂಡಕೊರಕ, ಕೊಳೆರೋಗಗಳ ಮಾತೇ ಇರುತ್ತದೆ. ಈ ಸಲ ಮೊಬೈಲಿನ ಕ್ಯಾಲೆಂಡರಿನ ವಿಷಯ ಎತ್ತಿಕೊಂಡದ್ದಕ್ಕೆ ಕೆಲವರು ಹುಬ್ಬೇರಿಸಬಹುದು. ಆದರೆ ಇದೂ ಕೊಳೆರೋಗದ ಮಾತೇ ಆಗಿದೆ. ಹೇಗೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

2025ರಲ್ಲಿ ನಮ್ಮ ಸಂಘದ ಖಾನಾಪುರ ಉಗ್ರಾಣದಲ್ಲಿ ಮೈಲುತುತ್ತ ವಿತರಣೆಗೆ ಮೇ 6ನೆಯ ತಾರೀಖನ್ನು ಗೊತ್ತುಪಡಿಸಿದ್ದೆವು. ನಾನು ವರ್ಷದ ಎಲ್ಲ ತಾರೀಖುಗಳನ್ನೂ ಕಂಪ್ಯೂಟರಿನಲ್ಲಿ ಕೋಷ್ಟಕವಾಗಿ ಬರೆದು, ಸಿಎಸ್‌ವಿ ಎಂಬ ರೂಪದಲ್ಲಿ ಉಳಿಸಿ, ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದೆ. ಕಣಕುಂಬಿ ಕಡೆಯ ಸದಸ್ಯರೊಬ್ಬರ ಮಗ ಬೆಳಗಾವಿಯಲ್ಲಿ ಓದುವವನು. ಅವನು ಅದನ್ನು ತಂದೆಯ ಕ್ಯಾಲೆಂಡರಿಗೆ ಶ್ರದ್ಧೆಯಿಂದ ಸೇರಿಸಿಕೊಟ್ಟ. ನಾನು 06/05 ಎಂದು ಬರೆದದ್ದನ್ನು ಅವರ ಖಾತೆ ಅಮೆರಿಕದ ರೂಢಿಯಂತೆ ತಿಂಗಳು ಮೊದಲು, ದಿನ ಆಮೇಲೆ ಎಂದು ಓದಿತು. ಮೇ 6 ಹೋಗಿ ಜೂನ್ 5 ಆಯಿತು.

ಆ ವರ್ಷ ಮುಂಗಾರು ಯಾರಿಗೂ ಕಾಯಲಿಲ್ಲ. ವಾಡಿಕೆಯಂತೆ ಜೂನ್ 1ಕ್ಕೆ ಕೇರಳ ಮುಟ್ಟಬೇಕಾದದ್ದು ಮೇ 24ಕ್ಕೇ ಮುಟ್ಟಿತು. ಜೂನ್ 5ರಂದು ಆ ಹಿರಿಯರು ಗೊಪ್ಪೆ ಹೊದ್ದು ಉಗ್ರಾಣದ ಮುಂದೆ ನಿಂತು, "ಸೆಕ್ರೆಟರಿ ಸಾಹೇಬ್ರ, ಮೊಬೈಲ್‌ದಾಗ ಇವತ್ತ ಅಂತ ತೋರಸಾಕತ್ತೈತಲ್ರೀ" ಎಂದಾಗ ನನ್ನ ಬಳಿ ಉತ್ತರವಿರಲಿಲ್ಲ. ಮಳೆಗೆ ಮೊದಲು ಬೀಳಬೇಕಾದ ಶೇಕಡಾ 1ರ ಬೋರ್ಡೋ ದ್ರಾವಣ ಅವರ ಗೊನೆಗಳಿಗೆ ಬೀಳಲೇ ಇಲ್ಲ. ಆ ತೋಟದಲ್ಲಿ ಅಡಿಕೆ ಉದುರಿದ್ದನ್ನು ನಾನೇ ಹೋಗಿ ನೋಡಿ ಬಂದೆ. ತಪ್ಪು ಮೊಬೈಲಿನದಲ್ಲ, ಹುಡುಗನದೂ ಅಲ್ಲ. ಫೈಲಿನ ರೂಪವನ್ನು ಆರಿಸಿದ ನನ್ನದು.

ಆದುದರಿಂದ ಈ ಪಾಠವನ್ನು ಮೊದಲು ನಾನು ಕಲಿತು, ಈಗ ತಮ್ಮ ಮುಂದಿಡುತ್ತಿದ್ದೇನೆ.

ತಾರೀಖು ತಿಳಿಸಲು ನಮ್ಮಲ್ಲಿ ಈಗ ಮೂರು ಬಗೆ ಬಳಕೆಯಲ್ಲಿವೆ. ಒಂದು, ನೋಟೀಸಿನ ಫೋಟೋ ಅಥವಾ ಪಿಡಿಎಫ್. ಇದನ್ನು ಕಣ್ಣು ಓದುತ್ತದೆ, ಆದರೆ ಮೊಬೈಲಿನ ಕ್ಯಾಲೆಂಡರು ತಾನಾಗಿ ಅದನ್ನು ಗುರುತು ಹಾಕಿಕೊಳ್ಳುವುದಿಲ್ಲ. ಬೆಳಗಿನ ಶುಭೋದಯದ ಚಿತ್ರಗಳ ರಾಶಿಯಲ್ಲಿ ಅದು ಮೂರೇ ದಿನದಲ್ಲಿ ಹೂತುಹೋಗುತ್ತದೆ. ಎರಡು, ಮೇಲೆ ಹೇಳಿದ ಸಿಎಸ್‌ವಿ. ಅದು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಕೋಷ್ಟಕ. ಲೆಕ್ಕಪತ್ರಕ್ಕೆ ಬಹಳ ಒಳ್ಳೆಯದು. ಆದರೆ ಯಾವುದು ದಿನ, ಯಾವುದು ತಿಂಗಳು ಎಂಬ ಕಟ್ಟಳೆ ಅದರೊಳಗೆ ಇಲ್ಲ. ಓದುವ ಯಂತ್ರ ತನಗೆ ತೋಚಿದಂತೆ ಓದುತ್ತದೆ. ಮೂರನೆಯದು ಐಕ್ಯಾಲೆಂಡರ್. ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕೆ ಹಾಕಿ ಐಸಿಎಸ್ ಎಂದಿರುತ್ತದೆ.

ಈ ಮೂರನೆಯದು ಯಾವುದೇ ಒಂದು ಕಂಪನಿಯ ಸೊತ್ತಲ್ಲ. 1996ರಲ್ಲಿ ಆಪಲ್, ಐಬಿಎಂ, ಎಟಿ ಅಂಡ್ ಟಿ, ಸೀಮೆನ್ಸ್ ಕಂಪನಿಗಳ ಕೂಟವೊಂದು ವಿಕ್ಯಾಲೆಂಡರ್ ಎಂಬ ರೂಪವನ್ನು ಹೊರತಂದಿತ್ತು. ಅದರ ಆಧಾರದ ಮೇಲೆ, ಇಂಟರ್ನೆಟ್ಟಿನ ಕಟ್ಟಳೆಗಳನ್ನು ರೂಪಿಸುವ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ 1998ರಲ್ಲಿ ಐಕ್ಯಾಲೆಂಡರನ್ನು ಪ್ರಕಟಿಸಿ, 2009ರಲ್ಲಿ ಪರಿಷ್ಕರಿಸಿತು. ಗೂಗಲ್, ಆಪಲ್, ಔಟ್‌ಲುಕ್ ಮೂರೂ ಇದನ್ನು ಓದಬಲ್ಲವು. ಪೇಟೆಯಲ್ಲಿ ಯಾವ ಅಂಗಡಿಗೆ ಹೋದರೂ ಕಿಲೋ ಎಂದರೆ ಕಿಲೋ ಆಗಿರಬೇಕಲ್ಲವೇ, ಹಾಗೆ.

ಐಸಿಎಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾಲುಗಳು ಕಾಣುತ್ತವೆ: ಆರಂಭ, ಮುಕ್ತಾಯ, ವಿಷಯ, ಸ್ಥಳ ಇತ್ಯಾದಿ. ತಾರೀಖನ್ನು ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ ಎಂದು ಒಟ್ಟಿಗೆ ಬರೆಯಬೇಕು. 2026ರ ಮೇ 6 ಎಂದರೆ 20260506. ಇದನ್ನು ಅಮೆರಿಕದವರೂ ಬೇರೆ ರೀತಿ ಓದುವಂತಿಲ್ಲ. ನನ್ನ ತೀರ್ಮಾನಕ್ಕೆ ಈ ಒಂದೇ ಕಾರಣ ಸಾಕಾಯಿತು.

ಆದರೂ ಇಲ್ಲಿಯೂ ಎಡವುವ ಜಾಗಗಳಿವೆ. ವೇಳೆಯ ಮುಂದೆ ಇಂಗ್ಲಿಷಿನ ಝಡ್ ಅಕ್ಷರವಿದ್ದರೆ ಅದು ಜಾಗತಿಕ ಮಧ್ಯಮಾನ ವೇಳೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಿಗ್ಗೆ 10-30ರ ಸಭೆಗೆ 103000 ಎಂದು ಬರೆದು ಝಡ್ ಸೇರಿಸಿದರೆ ಮೊಬೈಲು ಸಂಜೆ 4 ಗಂಟೆ ಎಂದು ತೋರಿಸುತ್ತದೆ. ವೇಳಾವಲಯವನ್ನು 'ಏಷ್ಯಾ/ಕೋಲ್ಕತಾ' ಎಂದು ಆರಿಸಿಕೊಂಡರೆ ಈ ತೊಡಕಿಲ್ಲ. ಇನ್ನೊಂದು, ಇಡೀ ದಿನದ ಕಾರ್ಯಕ್ರಮ. ಮೇ 6 ಮತ್ತು 7 ಎರಡು ದಿನ ವಿತರಣೆಯಿದ್ದರೆ ಮುಕ್ತಾಯದ ಸಾಲಿನಲ್ಲಿ ಮೇ 8 ಎಂದಿರಬೇಕು, ಏಕೆಂದರೆ ಈ ಕಟ್ಟಳೆಯಲ್ಲಿ ಮುಕ್ತಾಯದ ದಿನ ಲೆಕ್ಕಕ್ಕೆ ಸೇರುವುದಿಲ್ಲ. ಮೊಬೈಲಿನ ಪರದೆಯಲ್ಲಿ ನಮೂದಿಸುವವರಿಗೆ ಆ್ಯಪ್ ಇದನ್ನು ತಾನೇ ನೋಡಿಕೊಳ್ಳುತ್ತದೆ. ಕೈಯಿಂದ ತಿದ್ದುವವರು ಮರೆತರೆ ಎರಡನೆಯ ದಿನ ಬರುವವರಿಗೆ ಅನ್ಯಾಯವಾಗುತ್ತದೆ.

ಕನ್ನಡದಲ್ಲಿ ಬರೆಯಬಹುದೇ ಎಂದು ಹಲವರು ಕೇಳಿದ್ದಾರೆ. ಧಾರಾಳವಾಗಿ ಬರೆಯಬಹುದು. ಆದರೆ ಅಕ್ಷರಗಳು ಯೂನಿಕೋಡ್‌ನಲ್ಲಿರಬೇಕು. ಸಂಘದ ಹಳೆಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ಅಕ್ಷರಗಳಲ್ಲಿ ಬರೆದಿಟ್ಟ ವಾಕ್ಯವನ್ನು ನಕಲು ಮಾಡಿ ಅಂಟಿಸಿದರೆ ಸದಸ್ಯರಿಗೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಇನ್ನೊಂದು ಸೂಕ್ಷ್ಮವಿದೆ: ಐಸಿಎಸ್‌ನ ಒಂದು ಸಾಲು 75 ಬೈಟುಗಳನ್ನು ಮೀರದಂತೆ ಮಡಿಸಬೇಕೆಂದು ಕಟ್ಟಳೆ ಹೇಳುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟು ಸಾಕು, ಕನ್ನಡದ ಒಂದೊಂದು ಚಿಹ್ನೆಗೆ 3 ಬೇಕು; ಕಾಗುಣಿತ, ಒತ್ತುಗಳು ಬೇರೆ. ಹೀಗಾಗಿ ನಮ್ಮ ಪಾಲಿಗೆ ಬರುವುದು 25 ಚಿಹ್ನೆ. ವಿಷಯದ ಸಾಲನ್ನು 'ಮೈಲುತುತ್ತ ವಿತರಣೆ' ಎಂದು ಚಿಕ್ಕದಾಗಿಡುವುದೇ ಲೇಸು. ಹೇಗೂ ಮೊಬೈಲಿನ ಪರದೆಯಲ್ಲಿ ಅಷ್ಟೇ ಕಾಣುತ್ತದೆ.

ಪದೇ ಪದೇ ಬರುವ ದಿನಗಳನ್ನು ಒಂದೇ ಸಾಲಿನಲ್ಲಿ ಹೇಳುವ ಅನುಕೂಲ ಐಸಿಎಸ್‌ಗೆ ಇದೆ. 'ಪ್ರತಿ ತಿಂಗಳ ಎರಡನೆಯ ಶನಿವಾರ' ಎಂದರೆ ಅದಕ್ಕೆ ಅರ್ಥವಾಗುತ್ತದೆ. 'ಪ್ರತಿ ಅಮಾವಾಸ್ಯೆ' ಎಂದರೆ ನಮ್ಮ ಸಾಮಾನ್ಯ ಆ್ಯಪ್‌ಗಳಿಗೆ ಅರ್ಥವಾಗುವುದಿಲ್ಲ. ಎತ್ತು ಹೂಡದ ದಿನವೆಂದು ಅಮಾವಾಸ್ಯೆಗೇ ಸಭೆ ಇಟ್ಟುಕೊಳ್ಳುವ ಗುಂಪುಗಳು ಪಂಚಾಂಗ ನೋಡಿ ಹನ್ನೆರಡು ತಾರೀಖನ್ನೂ ಬಿಡಿಬಿಡಿಯಾಗಿ ಹಾಕಬೇಕು. ಗೋಡೆಯ ಮೇಲಿನ ಕಾಲನಿರ್ಣಯವನ್ನು ಇನ್ನೂ ಇಳಿಸಬೇಡಿರೆಂದು ಇದಕ್ಕೇ ಹೇಳುವುದು.

ತಾರೀಖು ಬದಲಾದರೆ ಏನು ಮಾಡಬೇಕು? ಪ್ರತಿ ಕಾರ್ಯಕ್ರಮಕ್ಕೂ ಫೈಲಿನಲ್ಲಿ ಒಂದು ಗುರುತಿನ ಸಂಖ್ಯೆ ಇರುತ್ತದೆ. ಹಳೆಯದನ್ನು ಅಳಿಸಿ ಹೊಸದನ್ನು ಮಾಡಿದರೆ ಗುರುತು ಬದಲಾಗಿ, ಸದಸ್ಯರ ಮೊಬೈಲಿನಲ್ಲಿ ಎರಡೂ ತಾರೀಖು ಉಳಿಯುತ್ತವೆ. ಹಳೆಯದನ್ನೇ ತಿದ್ದಿ ಕಳಿಸಬೇಕು. ಅಷ್ಟು ಮಾಡಿದರೂ ಕೆಲವು ಆ್ಯಪ್‌ಗಳು ಜೋಡಿಯಾಗಿ ತೋರಿಸುವುದುಂಟು. ಇದಕ್ಕೆ ಕೊಂಡಿಯ ಮೂಲಕ ಹಂಚುವ ಕ್ಯಾಲೆಂಡರು ಮೇಲು. ನಾವು ಇಲ್ಲಿ ತಿದ್ದಿದ್ದು ಅಲ್ಲಿಗೂ ತಲುಪುತ್ತದೆ. ಆದರೆ ಅದಕ್ಕೆ ನೆಟ್‌ವರ್ಕ್ ಬೇಕು. ಜಾಂಬೋಟಿ, ಕಣಕುಂಬಿ ಕಡೆ ಮಳೆಗಾಲದಲ್ಲಿ ಕರೆಂಟೇ ಇರದ ದಿನಗಳಲ್ಲಿ ಈ ಮಾತು ಯಾರಿಗೆ ಹೇಳಲಿ? ಒಮ್ಮೆ ಸೇರಿಸಿಕೊಂಡ ಐಸಿಎಸ್ ನೆಟ್‌ವರ್ಕ್ ಇಲ್ಲದಿದ್ದರೂ ಮೊಬೈಲಿನಲ್ಲಿಯೇ ಇರುತ್ತದೆ. ಆದ್ದರಿಂದ ನಮ್ಮ ತಾಲೂಕಿಗೆ ಫೈಲೇ ಸರಿ, ಬೆಳಗಾವಿ ಪಟ್ಟಣದಲ್ಲಿರುವ ಸದಸ್ಯರು ಬೇಕಾದರೆ ಕೊಂಡಿ ಕೇಳಿ ಪಡೆಯಲಿ.

ಗೂಗಲ್ ಕ್ಯಾಲೆಂಡರಿನಿಂದ ಫೈಲು ತೆಗೆಯುವ ಗುಂಪಿನ ಮುಖಂಡರು ಕಂಪ್ಯೂಟರಿನಲ್ಲಿಯೇ ತೆಗೆಯಬೇಕು. ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿದರೆ ಜಿಪ್ ಗಂಟೊಂದು ಬರುತ್ತದೆ. ಅದನ್ನು ಬಿಚ್ಚಿ ಒಳಗಿನ ಐಸಿಎಸ್ ಮಾತ್ರ ಕಳಿಸಬೇಕು. ನೆನಪಿನ ಗಂಟೆಯನ್ನು ಫೈಲಿನಲ್ಲಿ ಬರೆದಿದ್ದರೂ ಕೆಲವು ಆ್ಯಪ್‌ಗಳು ಅದನ್ನು ಕೈಬಿಡುತ್ತವೆ. ಸದಸ್ಯರು ತಾವೇ ಒಂದು ದಿನ ಮೊದಲಿನ ಗಂಟೆ ಇಟ್ಟುಕೊಳ್ಳುವುದು ಕ್ಷೇಮ.

ಒಂದು ತಾರೀಖನ್ನು ಮಾತ್ರ ಸಂಘ ಕಳಿಸಲಾರದು. ಎರಡನೆಯ ಸಿಂಪಡಣೆ ಮೊದಲನೆಯದಾದ 40ರಿಂದ 45 ದಿನಕ್ಕೆ ಬರುತ್ತದೆ. ಮೊದಲನೆಯದನ್ನು ಯಾರು ಎಂದು ಮುಗಿಸಿದರೆಂಬುದು ಅವರವರ ತೋಟಕ್ಕೇ ಗೊತ್ತು. ಅದನ್ನು ಅಂದೇ ಸಂಜೆ ಎಣಿಸಿ ತಮ್ಮ ಕ್ಯಾಲೆಂಡರಿನಲ್ಲಿ ತಾವೇ ಬರೆದುಕೊಳ್ಳಬೇಕು.

ನೋಟೀಸು ಫಲಕದ ಮೇಲೆ ಹಾಳೆ ಅಂಟಿಸುವುದೂ, ಫೋಟೋ ಕಳಿಸುವುದೂ ಮೊದಲಿನಂತೆಯೇ ನಡೆಯುತ್ತವೆ. ಅವುಗಳಲ್ಲಿ ಇನ್ನು ಮುಂದೆ ತಿಂಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಯುತ್ತೇವೆ. ಹೊಸ ವರ್ಷದ ಫೈಲಿಗೆ ಮೊದಲು ಒಂದೇ ಕಾರ್ಯಕ್ರಮವಿರುವ ಪರೀಕ್ಷಾ ಫೈಲನ್ನು ಕಳಿಸುತ್ತೇನೆ. ಅದನ್ನು ತೆರೆದವರು ತಮಗೆ ಕಂಡ ತಾರೀಖು, ವೇಳೆ ಎರಡನ್ನೂ ಬರೆದು ತಿಳಿಸಬೇಕಾಗಿ ವಿನಂತಿ. ತೆರೆಯಲು ಬಾರದಿದ್ದವರು ಮೊಬೈಲು ಹಿಡಿದು ಕಚೇರಿಗೆ ಬಂದರೆ ಕೂಡಿಸಿಕೊಂಡು ತೋರಿಸುತ್ತೇನೆ.

— ಕಾರ್ಯದರ್ಶಿ