ಸಣ್ಣ ಆಪರೇಷನ್ನಿನ ಪೂರ್ತಿ ಲೆಕ್ಕ

ರುಮಟಾಯ್ಡ್ ಸಂಧಿವಾತದಲ್ಲಿ ಮಣಿಕಟ್ಟಿನ ಒಳಪದರ ಊದಿಕೊಂಡರೆ ಅಂಗೈಗೆ ಹೋಗುವ ಮೀಡಿಯನ್ ನರ ಇಕ್ಕಟ್ಟಿಗೆ ಸಿಕ್ಕಿಬೀಳುತ್ತದೆ. ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುವುದು ಇದನ್ನೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ರಾತ್ರಿ ನಿದ್ದೆ ಕೆಡುತ್ತದೆ. ನರವನ್ನು ಒತ್ತುವ ಅಡ್ಡಪಟ್ಟಿಯನ್ನು ಕತ್ತರಿಸಿ ಜಾಗ ಮಾಡಿಕೊಡುವ ಆಪರೇಷನ್ ಸಣ್ಣದು. ಸಾಮಾನ್ಯವಾಗಿ ಕೈಗಷ್ಟೇ ಅರಿವಳಿಕೆ ಕೊಟ್ಟು ಮುಗಿಸಿ, ಅದೇ ದಿನ ಮನೆಗೆ ಕಳಿಸುತ್ತಾರೆ. ಆದರೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಔಷಧಗಳನ್ನು ವರ್ಷಗಟ್ಟಲೆ ತೆಗೆದುಕೊಳ್ಳುತ್ತಿರುವವರಿಗೆ ನಿಜವಾದ ಖರ್ಚು ಬೀಳುವುದು ಆಪರೇಷನ್ ಕೋಣೆಯ ಹೊರಗೆ.

ಮೊದಲ ಪ್ರಶ್ನೆ, ಆಪರೇಷನ್ ಬೇಕೇ ಎಂಬುದು. ಸಂಧಿವಾತ ಹತೋಟಿಗೆ ಬಂದು ಊತ ಇಳಿದರೆ ಎಷ್ಟೋ ಸಲ ನರದ ಮೇಲಿನ ಒತ್ತಡವೂ ಇಳಿಯುತ್ತದೆ. ರಾತ್ರಿ ಕಟ್ಟಿಕೊಳ್ಳುವ ಸ್ಪ್ಲಿಂಟ್, ಮಣಿಕಟ್ಟಿಗೆ ಒಂದು ಸ್ಟೀರಾಯ್ಡ್ ಚುಚ್ಚುಮದ್ದು, ಇವೆರಡೂ ಆಪರೇಷನ್ನಿನ ಖರ್ಚಿನ ಮುಂದೆ ಏನೂ ಅಲ್ಲ. ಮೊದಲು ಇವನ್ನು ನೋಡುವುದೇ ಸರಿ. ಆದರೆ ಹೆಬ್ಬೆರಳಿನ ಬುಡದ ಮಾಂಸ ಬತ್ತುತ್ತಿದ್ದರೆ, ಜೋಮು ಹಗಲೂ ಬಿಡದಿದ್ದರೆ, ನರ್ವ್ ಕಂಡಕ್ಷನ್ ಪರೀಕ್ಷೆಯಲ್ಲಿ ನರ ತೀರಾ ಸೊರಗಿದ್ದು ಕಂಡರೆ ತಡಮಾಡುವುದು ಉಳಿತಾಯವಲ್ಲ. ಆ ಹಂತ ದಾಟಿದ ಮೇಲೆ ಎಷ್ಟೇ ದುಡ್ಡು ಸುರಿದರೂ ಬೆರಳಿನ ಸ್ಪರ್ಶ ಪೂರ್ತಿ ಮರಳುವ ಭರವಸೆ ಇರುವುದಿಲ್ಲ.

ಎರಡನೆಯದು ಔಷಧಗಳ ಲೆಕ್ಕ. ಗಾಯಕ್ಕೆ ಸೋಂಕು ತಗಲೀತು ಎಂಬ ಭಯದಿಂದ ಎಲ್ಲ ಗುಳಿಗೆಗಳನ್ನೂ ನಿಲ್ಲಿಸಿಬಿಡುವವರಿದ್ದಾರೆ. ಹಾಗೆ ಮಾಡಿದರೆ ಸಂಧಿವಾತ ಕೆರಳಿ, ಅದನ್ನು ಮತ್ತೆ ಹದಕ್ಕೆ ತರಲು ತಿಂಗಳುಗಳು ಹಿಡಿಯಬಹುದು. ಸೊಂಟ ಮತ್ತು ಮಂಡಿಯ ಕೀಲು ಬದಲಾವಣೆಯ ಬಗ್ಗೆ ಅಮೆರಿಕದ ಸಂಧಿವಾತ ವೈದ್ಯರ ಸಂಘ 2017ರಲ್ಲಿ ಕೊಟ್ಟು 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ, ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೊಕ್ವಿನ್‌ಗಳನ್ನು ಮುಂದುವರಿಸಿ ಎನ್ನುತ್ತದೆ. ಅಡಾಲಿಮುಮ್ಯಾಬ್‌ನಂತಹ ಬಯಾಲಜಿಕ್ ಚುಚ್ಚುಮದ್ದಿನ ಒಂದು ಸರದಿ ಬಿಟ್ಟು ಆಪರೇಷನ್ ಇಟ್ಟುಕೊಳ್ಳಬೇಕು. ಟೊಫಾಸಿಟಿನಿಬ್‌ನಂತಹ ಗುಳಿಗೆಯನ್ನು 3 ದಿನ ಮೊದಲೇ ನಿಲ್ಲಿಸಬೇಕು. ನಿತ್ಯದ ಸ್ಟೀರಾಯ್ಡ್ ಗುಳಿಗೆಯನ್ನು ಆ ದಿನವೂ ಎಂದಿನ ಪ್ರಮಾಣದಲ್ಲೇ ತೆಗೆದುಕೊಳ್ಳಬೇಕು. ಕೈಯ ಸಣ್ಣ ಆಪರೇಷನ್ನಿಗೆ ಇದೆಲ್ಲ ಎಷ್ಟು ಅನ್ವಯ ಎಂಬುದನ್ನು ಸಂಧಿವಾತದ ವೈದ್ಯರೂ ಸರ್ಜನ್ನರೂ ಕೂಡಿ ತೀರ್ಮಾನಿಸಬೇಕು. ಸಂಧಿವಾತದ ವೈದ್ಯರಿಗೆ ಕೊಡುವ ಒಂದು ಹೆಚ್ಚುವರಿ ಕನ್ಸಲ್ಟೇಶನ್ ಫೀಸು ಈ ಇಡೀ ವ್ಯವಹಾರದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು. ಪೂರ್ತಿ ಅರಿವಳಿಕೆ ಕೊಡುವ ಸಂದರ್ಭ ಬಂದರೆ ಕತ್ತಿನ ಎಕ್ಸ್-ರೇ ಕೂಡ ಬೇಕಾಗಬಹುದು. ಸಂಧಿವಾತ ಹಳೆಯದಾದಷ್ಟೂ ಕತ್ತಿನ ಮೇಲಿನ ಮೂಳೆಗಳ ಬಿಗಿ ಸಡಿಲವಾಗಿರುವ ಸಂಭವವಿದೆ.

ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ವಿಮೆಯ ವಿಷಯದಲ್ಲಿ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ ಈ ಹಿಂದೆ 4 ವರ್ಷದವರೆಗೂ ಇರಬಹುದಿತ್ತು; 2024ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು ಹೆಚ್ಚೆಂದರೆ 3 ವರ್ಷಕ್ಕೆ ಇಳಿಸಿದೆ. ಪಾಲಿಸಿ ಸತತ 5 ವರ್ಷ ಪೂರೈಸಿದ ಮೇಲೆ, ವಂಚನೆ ಸಾಬೀತಾದ ಹೊರತು, ವಿವರ ಮುಚ್ಚಿಟ್ಟಿರಿ ಎಂಬ ನೆಪದಲ್ಲಿ ಕ್ಲೇಮು ತಿರಸ್ಕರಿಸುವಂತಿಲ್ಲ. ಕಾರ್ಪಲ್ ಟನಲ್ ಹೊಸ ತೊಂದರೆಯಾದರೂ ಸಂಧಿವಾತದ ಬಾಲವೆಂದೇ ಅದನ್ನು ಕಂಪನಿ ನೋಡುತ್ತದೆ. ಆದ್ದರಿಂದ ಎಲ್ಲವೂ ನಿಲ್ಲುವುದು ಆಸ್ಪತ್ರೆಯ ಕಾಗದದಲ್ಲಿರುವ ಒಂದೇ ಸಾಲಿನ ಮೇಲೆ: ಸಂಧಿವಾತ ಎಷ್ಟು ವರ್ಷದಿಂದ ಇದೆ?

ಸಂಧಿವಾತದೊಂದಿಗೇ ಬದುಕುತ್ತಿರುವ ಈ ಅಂಕಣಕಾರ್ತಿಯ ಕಡತದಲ್ಲೂ ಆ ಸಾಲು ತೊಡಕು ತಂದಿತ್ತು. ಹೊರರೋಗಿ ಚೀಟಿಯಲ್ಲಿ ಯಾರೋ ಅವಸರದಲ್ಲಿ ಬರೆದ ವರ್ಷಗಳ ಸಂಖ್ಯೆ ಪಾಲಿಸಿಗಿಂತ ಹಳೆಯದಾಗಿತ್ತು. ವಿಮಾ ಕಂಪನಿ ವಿವರಣೆ ಕೇಳಿತು. ರೋಗ ಮೊದಲು ಪತ್ತೆಯಾದ ದಿನದ ರಕ್ತಪರೀಕ್ಷೆಯ ವರದಿ, ಅಂದಿನ ಔಷಧಚೀಟಿ, ಪಾಲಿಸಿಯ ಅರ್ಜಿಯ ಪ್ರತಿ ಇದ್ದುದರಿಂದ ಮಾತು ಬಗೆಹರಿಯಿತು. ಹಳೆಯ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟ ಫೈಲು ಇಂಥ ಕಾಯಿಲೆಯವರಿಗೆ ಬ್ಯಾಂಕ್ ಪಾಸ್‌ಬುಕ್ಕಿನಷ್ಟೇ ಮುಖ್ಯ. ಡಿಸ್ಚಾರ್ಜ್ ಕಾಗದಕ್ಕೆ ಸಹಿ ಬೀಳುವ ಮೊದಲೇ ಆ ಸಾಲನ್ನು ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಬೇಕು.

ಇನ್ನೊಂದು ಸೂಕ್ಷ್ಮ: ಒಂದು ದಿನವೂ ಉಳಿಯದ ಆಪರೇಷನ್ ಡೇ ಕೇರ್ ಚಿಕಿತ್ಸೆಯಾಗಿ ಪಾಲಿಸಿಗೆ ಒಳಪಡುತ್ತದೆ, ಅದನ್ನೇ ಹೊರರೋಗಿ ವಿಭಾಗದಲ್ಲಿ ಮಾಡಿಸಿದರೆ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಬರುವುದಿಲ್ಲ. ದಾಖಲಾತಿ ಯಾವ ಲೆಕ್ಕದಲ್ಲಿ ಎಂದು ಬಿಲ್ಲಿಂಗ್ ಕೌಂಟರಿನಲ್ಲಿ ಮೊದಲೇ ಕೇಳಬೇಕು. ‘ಪ್ಯಾಕೇಜಲ್ಲಿ ಎಲ್ಲಾ ಬರುತ್ತೆ ಮೇಡಂ’ ಎಂಬ ಉತ್ತರ ಸಾಲದು, ಅಂದಾಜುಪಟ್ಟಿ ಬರವಣಿಗೆಯಲ್ಲಿ ಬೇಕು. ಆಪರೇಷನ್ನಿಗೆ ಮೊದಲ ಪರೀಕ್ಷೆಗಳು, ಆಮೇಲಿನ ಡ್ರೆಸ್ಸಿಂಗ್, ಫಿಜಿಯೊಥೆರಪಿ ಬಹುಪಾಲು ಅದರಲ್ಲಿ ಇರುವುದಿಲ್ಲ. ಆದರೆ ಆರೋಗ್ಯ ಸಂಜೀವಿನಿ ಎಂಬ ಪ್ರಮಾಣಿತ ಪಾಲಿಸಿಯಲ್ಲಿ ದಾಖಲಾಗುವ ಮುಂಚಿನ 30 ದಿನ, ಬಿಡುಗಡೆಯ ನಂತರದ 60 ದಿನಗಳ ಸಂಬಂಧಪಟ್ಟ ವೆಚ್ಚ ಸಿಗುತ್ತದೆ, ಒಪ್ಪಿದ ಮೊತ್ತದಲ್ಲಿ ಶೇ 5ರಷ್ಟು ರೋಗಿಯ ಪಾಲು. ನರದ ಪರೀಕ್ಷೆ ಆ 30 ದಿನದೊಳಗೆ ಬೀಳುವಂತೆ ದಿನ ಗೊತ್ತುಮಾಡಿಕೊಂಡರೆ ಆ ಬಿಲ್ಲೂ ಕ್ಲೇಮಿಗೆ ಸೇರುತ್ತದೆ. ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ 1 ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ 3 ಗಂಟೆಯೊಳಗೆ ಉತ್ತರಿಸಬೇಕೆಂಬುದು 2024ರ ನಿಯಮ.

ಸಾಮಾನ್ಯ ಪಾಲಿಸಿ ಕೊಡದ ಖರ್ಚು, ಕೈ ಕೆಲಸಕ್ಕೆ ಬಾರದ ದಿನಗಳದು. ಹೊಲಿಗೆ ಬಿಚ್ಚಲು ಸುಮಾರು 2 ವಾರ ಬೇಕು. ನಿಲ್ಲಿಸಿದ ಬಯಾಲಜಿಕ್ ಮತ್ತೆ ಶುರುವಾಗುವುದು ಗಾಯ ಮಾಗಿದೆ ಎಂದು ವೈದ್ಯರು ಹೇಳಿದ ಮೇಲೆಯೇ. ಬಿಂದಿಗೆ ಎತ್ತುವಷ್ಟು, ಬಟ್ಟೆ ಹಿಂಡುವಷ್ಟು ಹಿಡಿತ ಬರಲು ಇನ್ನೂ ವಾರಗಳು ಹಿಡಿಯುತ್ತವೆ. ಟೈಲರಿಂಗ್‌ನಿಂದ ಮನೆ ನಡೆಸುವವರಿಗೆ ಇದು ಸಂಪಾದನೆಯ ಪ್ರಶ್ನೆ. ಎರಡೂ ಕೈಗೆ ತೊಂದರೆ ಇದ್ದಾಗ ಒಟ್ಟಿಗೇ ಮಾಡಿಸಿದರೆ ಆಸ್ಪತ್ರೆಯ ಖರ್ಚು ಉಳಿದೀತು, ಆದರೆ ಊಟಕ್ಕೂ ಸ್ನಾನಕ್ಕೂ ಇನ್ನೊಬ್ಬರು ಬೇಕು. ಮನೆಯಲ್ಲಿ ಆಸರೆ ಇಲ್ಲದವರು ಒಂದೊಂದಾಗಿಯೇ ಮಾಡಿಸುವುದು ಲೇಸು.

ಖಾಸಗಿ ವಿಮೆ ಇಲ್ಲದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ನೆರವು. ಸರ್ಕಾರಿ ಆಸ್ಪತ್ರೆಯಲ್ಲೇ ವಿಚಾರಿಸಿ ಶುರುಮಾಡುವುದು ಅನುಕೂಲ.

ಕ್ಲೇಮು ತಿರಸ್ಕೃತವಾದರೆ ಕಾರಣವನ್ನು ಬರವಣಿಗೆಯಲ್ಲಿ ಪಡೆದು, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.