ಕೊಳಕ್ಕೆ ಸಗಣಿ ಇರಲಿ, ಉಣ್ಣೆಯ ಔಷಧಿ ಬೇಡ



ಕೊಳ್ಳೇಗಾಲ, ಹನೂರು, ಯಳಂದೂರು ಭಾಗದಲ್ಲಿ ನೀರು ನಿಲ್ಲುವ ಕೊಳ ಉಳ್ಳವರು ರಾಸುಗಳ ಜೊತೆಗೆ ಮೀನನ್ನೂ ಸಾಕಬಹುದು. ಮೀನುಗಾರಿಕೆ ಇಲಾಖೆಯು ಇದಕ್ಕೆ ಸಲಹೆ, ತರಬೇತಿ, ಸಹಾಯಧನ ನೀಡುತ್ತದೆ. 2020ರಲ್ಲಿ ಆರಂಭವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಘಟಕ ವೆಚ್ಚದ ಶೇ. 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ. 60 ಸಹಾಯಧನ ನಿಗದಿಯಾಯಿತು. ಈ ವರ್ಷದ ಸೌಲಭ್ಯವನ್ನು ಇಲಾಖೆಯಲ್ಲಿ ವಿಚಾರಿಸಿದ ನಂತರವೇ ಖರ್ಚಿಗೆ ಇಳಿಯಿರಿ.

ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಸಗಣಿ ಹಾಕಿದರೆ ನೀರಿನಲ್ಲಿ ಅವುಗಳ ಆಹಾರ ಬೆಳೆಯುತ್ತದೆ. ಅತಿಯಾದರೆ ಆಮ್ಲಜನಕ ಕುಗ್ಗುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಸಗಣಿ ನಿಲ್ಲಿಸಿ, ಹೊಸ ನೀರು ಬಿಡಿ.

ಮುಖ್ಯ ಎಚ್ಚರಿಕೆ: ಉಣ್ಣೆಗೆ ಬಳಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಮೀನಿಗೆ ಕಡುವಿಷ. ಔಷಧಿ ಹಚ್ಚಿದ ರಾಸುಗಳನ್ನು ಕೊಳಕ್ಕೆ ಇಳಿಸಬೇಡಿ. ಔಷಧಿಯ ಡಬ್ಬಿ, ಬಕೆಟ್ಟುಗಳನ್ನು ಅಲ್ಲಿ ತೊಳೆಯಬೇಡಿ.